ಝರೆಪ್ಪನ ಲಾಂಛನ

ಬೀದರಿನ ಕಚೇರಿ ರಸ್ತೆಯಲ್ಲಿ ಝೆರಾಕ್ಸ್ ಅಂಗಡಿಗೂ
ಕಬ್ಬಿನಹಾಲಿನ ಗಾಣಕ್ಕೂ ನಡುವೆ
ಮೂರು ಮೊಳ ಅಗಲದ ಜಾಗ ನನ್ನದು.
ಮಷೀನು ಬಂದು ಹತ್ತು ವರ್ಷ, ನಾನಿನ್ನೂ ಚಾಕುವಿನಲ್ಲೇ
ರಬ್ಬರ್ ಕೊಯ್ಯುತ್ತೇನೆ. ಲೋಕವನ್ನು ಉಲ್ಟಾ ಓದುತ್ತೇನೆ:
ಗ್ರಾಮ ಲೆಕ್ಕಿಗ, ಮುಖ್ಯ ಗುರುಗಳು, ನೋಟರಿ,
ಸತ್ತವರ ಮೇಲೆ ಒತ್ತುವ 'ದಾಖಲಿಸಲಾಗಿದೆ'.

ಝರೆಪ್ಪ ಬಂದದ್ದು ಒಂದು ಮಧ್ಯಾಹ್ನ,
ನೌಬಾದಿನಿಂದ, ನಡೆದುಕೊಂಡೇ.
ಬಾವಿಯ ಹೂಳೆತ್ತುವವನು. ಕೆಂಪು ಕಲ್ಲಿಗೆ ಉಜ್ಜಿ ಉಜ್ಜಿ
ಮೊಣಕೈ ಎರಡೂ ನುಣುಪಾಗಿದ್ದವು.
ಹಳೇ ಕ್ಯಾಲೆಂಡರಿನ ಹಾಳೆ ಬಿಚ್ಚಿ, ಹಿಂಬದಿ ತೋರಿಸಿ,
"ಇದು ನಂದು ಲಾಂಛನ್ರಿ" ಅಂದ. "ಅಚ್ಚು ಕೊಯ್ದು ಕೊಡ್ರಿ.
ಸರ್ಕಾರದಿಂದ ಮಂಜೂರಿ ಮಾಡ್ಸೋದದ."

ಯಾಕೆಂದು ನಾನು ಕೇಳುವುದಿಲ್ಲ, ಯಾರನ್ನೂ.
ಅವನೇ ಹೇಳಿದ. ಯಾವುದೋ ಬಂಗಲೆಯ ಬಾವಿಗೆ ಇಳಿದಿದ್ದನಂತೆ,
ಗೇಟಿನ ಮೇಲೆ ಹಿತ್ತಾಳೆಯಲ್ಲಿ ಎರಡು ಕತ್ತಿ, ಒಂದು ಕಿರೀಟ,
ಫಾರಸಿಯಲ್ಲಿ ಏನೋ. ವಾರಕ್ಕೊಮ್ಮೆ
ಹುಣಸೆಹುಳಿ ಹಚ್ಚಿ ತಿಕ್ಕಲು ಒಬ್ಬ ಆಳು.
"ಬಂಗಲಾ ಬಿದ್ದದ. ಆಳು ಇನ್ನೂ ತಿಕ್ಕಲಿಕ್ಕತ್ತಾನ."

ಹಾಳೆಯ ಮೇಲೊಂದು ಗಡಗಡಿ, ಹಗ್ಗದ ಎರಡು ಸುತ್ತು,
ಎಡಕ್ಕೊಂದು ಬಲಕ್ಕೊಂದು ಕಪ್ಪೆ, ಎದ್ದು ನಿಂತಂತೆ.
ಹುಲಿ ಬರೆಯಬಹುದಿತ್ತಲ್ಲ, ಕೋಟೆಯ
ಶರ್ಜಾ ದರ್ವಾಜಾದ ಮೇಲೆ ಎರಡಿವೆಯಲ್ಲ, ಅಂದೆ.
"ಅವು ಸುಲ್ತಾನರವು. ನಾ ಇಳಿದಲ್ಲೆಲ್ಲ
ನನಗಿಂತ ಮೊದಲ ಬಂದು ಕುಂತಿರೋವು ಇವು."
ನಡುವೆ ಒಂದು ದುಂಡನೆಯ ಖಾಲಿ.
"ಇಲ್ಲೇನು ಬರೀಲಿ?"
"ಏನೂ ಬ್ಯಾಡ್ರಿ. ಅದು ಆಕಾಶ.
ತಳದಾಗ ನಿಂತು ನೋಡಿದ್ರ ಅಷ್ಟೇ ಇರ್ತದ."
ಕೆಳಗೆ ಧ್ಯೇಯವಾಕ್ಯ, ಪಾಟಿಯ ಮೇಲೆ ತಿದ್ದಿದಂಥ ಅಕ್ಷರ:
ಇನ್ನ ಸ್ವಲ್ಪ ಬಿಡ್ರಿ.

ಮೇಲೆ ಹಗ್ಗ ಹಿಡಿದವರಿಗೆ
ನಲವತ್ತು ವರ್ಷ ಕೂಗಿದ ಮಾತು.

ಅರ್ಜಿ ಬರೆದುಕೊಟ್ಟವನು ನಾನೇ. 'ವಿಷಯ:
ವೈಯಕ್ತಿಕ ಲಾಂಛನಕ್ಕೆ ಅಧಿಕೃತ ಮಾನ್ಯತೆ ಕೋರಿ.'
ಕಂದಾಯದವರು ಸಂಸ್ಕೃತಿ ಇಲಾಖೆಗೆ ಅಂದರು.
ಸಂಸ್ಕೃತಿಯವರು ಕಪ್ಪೆ ನೋಡಿ ಅರಣ್ಯಕ್ಕೆ ಅಂದರು.
ಅರಣ್ಯದ ಹುಡುಗನೊಬ್ಬ ಬಹಳ ಹೊತ್ತು ನೋಡಿ
ಫೋಟೋ ಹೊಡೆದುಕೊಂಡು, ಚಹಾ ಕುಡಿಸಿ ಕಳಿಸಿದ.
ಗಂಡಭೇರುಂಡ ಇಲ್ಲ, ಸಿಂಹ ಇಲ್ಲ; ತಕರಾರಿಗೆ ಏನೂ ಸಿಗದೆ
ಒಬ್ಬ ಅಧೀಕ್ಷಕರು ಗಡಗಡಿಯನ್ನೇ ಚಕ್ರವೇನೋ ಎಂದು
ಅರೆಕಾಲು ಎಣಿಸಿದರಂತೆ. ಆರು. ಬಿಟ್ಟರು.
ಕಡೆಗೆ ಟಪಾಲು ಶಾಖೆ. ಅಲ್ಲಿ ಓದುವುದಿಲ್ಲ.
ಆ ಹೆಣ್ಣುಮಗಳು ಮುಖ ಎತ್ತದೆ
ಶಾಯಿಗೊಂದು, ಹಾಳೆಗೊಂದು, ಧಡ್.
ಖಾಲಿ ಕಂಡಲ್ಲಿ ಕೈ ಹೋಗುತ್ತದೆ.

ಸಂಜೆ ತಂದು ತೋರಿಸಿದ. ಎರಡು ಕಪ್ಪೆಗಳ ನಡುವೆ
ಅಂಚಿಗೆ ಅಂಚು ಕೂಡಿ, ನೇರಳೆ ಬಣ್ಣದ ದುಂಡು:
ಸ್ವೀಕರಿಸಲಾಗಿದೆ. ತಾರೀಖು. ಗೀಚಿದ ಸಹಿ.
"ಆತಲ್ರಿ?" ಅಂದ. "ಸರ್ಕಾರ ಒಪ್ಪಿತು."

'ಗಿ'ಯ ಗುಡಿಸು ತುಸು ಮುರಿದಿತ್ತು.
ಹನ್ನೊಂದು ವರ್ಷದ ಹಿಂದೆ ಕರೆಂಟು ಹೋಗಿ
ನನ್ನ ಚಾಕು ಜಾರಿದ್ದು ಅದು. ಯಾರೂ
ವಾಪಸು ತಂದಿರಲಿಲ್ಲ.
ಸ್ವೀಕರಿಸುವುದೆಂದರೆ ಒಪ್ಪುವುದಲ್ಲ ಎನ್ನಲು
ಬಾಯಿ ತೆರೆದೆ. ತೆರೆದ ಬಾಯಲ್ಲೇ
ಅಚ್ಚು ಎಷ್ಟು ದೊಡ್ಡದಿರಲಿ, ಅಂತ ಕೇಳಿದೆ.
"ಬಕೀಟಿನ ಮೈಗೆ ಕೂಡೋವಷ್ಟು. ಆ ಸಿಕ್ಕಾ ಸಹಿತ ಕೊಯ್ರಿ,
ಹ್ಯಾಂಗದನೋ ಹಂಗ."

ಸರ್ಕಾರಿ ಸಿಕ್ಕಾ ಖಾಸಗಿಯವರಿಗೆ ಕೊಯ್ದರೆ ಗುನ್ಹೆ.
ನನಗೆ ಗೊತ್ತು. ಅವನಿಗೂ ಗೊತ್ತಿರಬೇಕು,
ಮುಂಗಡವೆಂದು ಇಪ್ಪತ್ತು ರೂಪಾಯಿ ಹೆಚ್ಚೇ ಇಟ್ಟು ಹೋದ.

ಕಪ್ಪೆ ಎರಡೂ ಮುಗಿದವು. ಎಡದ್ದು ಬಲಕ್ಕೆ ಹೋಗಿದೆ.
ಹಗ್ಗದ ಸುತ್ತಿಗೆ ಅರ್ಧ ದಿನ ಹಿಡಿಯಿತು.
ದುಂಡನ್ನು ಕೊನೆಗೆ ಉಳಿಸಿಕೊಂಡಿದ್ದೇನೆ.
ಪಕ್ಕದ ಗಾಣ ನಿಂತಿದೆ. ಒಮ್ಮೆ ಊದಿದೆ,
ರಬ್ಬರಿನ ಪುಡಿ ಹಾರಿ
ಆ ಖಾಲಿಯಲ್ಲಿ ಬೆಳಕು ಬಿತ್ತು,
ಒಂದು ರೂಪಾಯಿಯಷ್ಟು.